ಭಟ್ಟರ ಕಂಪ್ಯೂಟರೂ ನನ್ನ ಜಾತಕವೂ

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕೆಟ್ಟ ಯಂತ್ರದಿಂದ ಅಷ್ಟೇನೂ ತೊಂದರೆಯಿಲ್ಲ. ಅದು ಯಾಕೆ ಕೆಟ್ಟಿತು ಅಂತ ಮನೆಯವರು ಮೊದಲೇ ಕಂಡುಹಿಡಿದು ಇಟ್ಟಿರುತ್ತಾರಲ್ಲ, ಅದನ್ನು ರಿಪೇರಿ ಮಾಡುವುದೇ ಕಷ್ಟ. ಶಿರಸಿ ಬಸ್‌ಸ್ಟ್ಯಾಂಡಿನ ಹಿಂದೆ ನಾನು ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯಿತು. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಸ್ಕೂಟರಿನಲ್ಲಿ ತಿರುಗಿದ್ದೇನೆ. ಆದರೆ ಭೈರುಂಬೆ ಕಡೆಯ ಒಬ್ಬ ಭಟ್ಟರ ಮನೆ ಕಂಪ್ಯೂಟರ್ ಆಡಿಸಿದಷ್ಟು ಆಟ ಬೇರೆ ಯಾವುದೂ ಆಡಿಸಲಿಲ್ಲ.

ಭಟ್ಟರದು ಪೌರೋಹಿತ್ಯ, ಜೊತೆಗೆ ಜಾತಕ ನೋಡುವುದು. ಹುಡುಗ, ಹುಡುಗಿ ಹುಟ್ಟಿದ ದಿನ, ವೇಳೆ ಹಾಕಿದರೆ ಎರಡೂ ಜಾತಕ ಕೂಡಿಸಿ ಮೂವತ್ತಾರಕ್ಕೆ ಎಷ್ಟು ಗುಣ ಬಂತು ಅಂತ ಹೇಳುವ ಸಾಫ್ಟ್‌ವೇರ್ ಅದರಲ್ಲಿತ್ತು. ಹದಿನೆಂಟು ದಾಟಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಯಂತ್ರಕ್ಕೆ ಹದಿನೈದರ ಮೇಲೆ ವಯಸ್ಸು. ಮನಸ್ಸು ಬಂದಾಗ ತನ್ನಷ್ಟಕ್ಕೇ ಬಂದ್ ಆಗುತ್ತಿತ್ತು.

ಒಳಗೇ ಉಳಿದ ಆಶೀರ್ವಾದ

ಮೊದಲ ಸಲ ಹೋದಾಗ ಭಟ್ಟರು ನನ್ನ ಕೈಗೆ ಒಂದು ಪಟ್ಟಿ ಪುಸ್ತಕ ಕೊಟ್ಟರು. ಕಂಪ್ಯೂಟರ್ ಯಾವ್ಯಾವಾಗ ಬಂದಾಯಿತು ಅಂತ ಬರೆದಿಟ್ಟಿದ್ದರು. ತಾರೀಕು ಒಂದೂ ಇಲ್ಲ. ಬರೀ ತಿಥಿ, ವಾರ, ನಕ್ಷತ್ರ.

"ನೋಡು ತಮಾ, ಅಷ್ಟಮಿ ದಿನ ಮೂರು ಸಲ ಹೋಯ್ದು. ಕೃತ್ತಿಕೆ ಇದ್ದಾಗಂತೂ ಹತ್ತು ನಿಮಿಷ ನಿಲ್ತಿಲ್ಲೆ."

"ಭಟ್ರೆ, ಮೊದಲು ಡಬ್ಬಿ ಬಿಚ್ಚಿ ನೋಡ್ತೆ. ನಕ್ಷತ್ರ ಆಮೇಲೆ ನೋಡನ," ಎಂದೆ.

ಬಿಚ್ಚಿದರೆ ಫ್ಯಾನಿನ ಸುತ್ತ ಅಕ್ಕಿ! ಪ್ರತಿವರ್ಷ ಆಯುಧ ಪೂಜೆಗೆ ಕಂಪ್ಯೂಟರಿಗೂ ಅಕ್ಷತೆ ಬೀಳುತ್ತಿತ್ತು. ಅದು ಡಬ್ಬಿಯ ಮೇಲಿನ ತೂತುಗಳಿಂದ ಒಳಗಿಳಿದು, ಎಣ್ಣೆ ಜಿಡ್ಡಿಗೆ, ಊದುಬತ್ತಿ ಮಸಿಗೆ ಅಂಟಿಕೊಂಡು ಕೂತಿತ್ತು. ಫ್ಯಾನ್ ಅಲ್ಲಾಡುವಂತಿರಲಿಲ್ಲ. ಬ್ರಶ್ಶಿನಿಂದ ಕೆರೆದು ಪೇಪರಿಗೆ ಸುರಿದೆ. ಒಂದು ಮುಷ್ಟಿ ಆಯಿತು. ಡಬ್ಬಿ ಮುಚ್ಚಿ, ಅದನ್ನು ಅಂಗಳಕ್ಕೆ ಎಸೆಯಲು ಹೊರಟರೆ ಭಟ್ಟರ ಹೆಂಡತಿ ಓಡಿಬಂದರು.

"ಎಸೆಯಡ ತಮಾ, ಅಕ್ಷತೆ ಕಾಲಿಗೆ ಸಿಕ್ಕಲಾಗ! ಕೊಡು ಇಲ್ಲಿ."

ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಒಂದು ಚಿಟಿಕೆ ನನ್ನ ತಲೆಗೆ ಹಾಕಿದರು. "ಇನ್ನಾದ್ರೂ ಸರಿ ಇರಲಿ" ಅಂತ ಉಳಿದಿದ್ದಷ್ಟನ್ನೂ ಕಂಪ್ಯೂಟರಿನ ಮೇಲೆಯೇ ಹಾಕಿಬಿಟ್ಟರು. ನಾನು ಆಗಷ್ಟೇ ಕೂರಿಸಿದ್ದ ಸ್ಕ್ರೂಗಳನ್ನು ಮತ್ತೆ ಬಿಚ್ಚಲು ಕೂತೆ.

ಶೀತ

ಮಳೆಗಾಲದಲ್ಲಿ ಮತ್ತೆ ಫೋನ್. ಹತ್ತೇ ನಿಮಿಷಕ್ಕೆ ಬಂದಾಗುತ್ತದಂತೆ. ಹೋಗಿ ನೋಡಿದರೆ ಮೇಜಿನ ಕೆಳಗೆ ಕಂಪ್ಯೂಟರಿಲ್ಲ, ಒಂದು ಕಂಬಳಿ ಗಂಟಿದೆ. ಗಂಟಿನಿಂದ ವಯರು ಹೊರಗೆ ಬಂದಿದೆ.

"ಒಂದು ವಾರದಿಂದ ಗೊರಗೊರ ಹೇಳ್ತು ತಮಾ," ಎಂದರು ಭಟ್ಟರ ಹೆಂಡತಿ. "ಈ ಥಂಡಿಗೆ ಮನುಷ್ಯರೇ ತಡಿತ್ವಿಲ್ಲೆ, ಪಾಪ ಅದೆಂತ ತಡಿತು? ಅದಕ್ಕೇ ಹೊದೆಸಿಟ್ಟಿದ್ದೆ."

ಕಂಬಳಿ ತೆಗೆದು ಮುಟ್ಟಿದೆ. ಮೇಲೆ ದೋಸೆ ಹೊಯ್ಯಬಹುದಿತ್ತು. "ಅಮ್ಮ, ಇದಕ್ಕೆ ಗಾಳಿ ಬೇಕು. ಒಳಗೆಲ್ಲ ಸುಡ್ತಾ ಇದ್ದು," ಎಂದೆ.

ಅವರು ಥಟ್ಟನೆ ಗಂಡನ ಕಡೆ ತಿರುಗಿದರು. "ಕೇಳಿದ್ರಾ? ಜ್ವರ ಬಂದಿಕ್ಕು ಹೇಳಿ ಆನು ನಿನ್ನೆಯೇ ಹೇಳಿದ್ದಿಲ್ಯ?"

ಹೊಸ ಫ್ಯಾನ್ ಹಾಕಿ ಹೊರಡುವಾಗ ಬಿಸಿ ಬಿಸಿ ಕಷಾಯ ತಂದರು. ತಟ್ಟೆಯಲ್ಲಿ ಮೂರು ಲೋಟ ಇತ್ತು. ನಾನೊಬ್ಬ, ಭಟ್ಟರೊಬ್ಬರು. ಮೂರನೆಯದು ಯಾರಿಗೆ ಅಂತ ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಪಶಕುನ

ಇದು ಮಾತ್ರ ನಗುವ ವಿಷಯವಲ್ಲ, ಶುರುವಿನಲ್ಲಿ. ಸಿದ್ದಾಪುರ ಕಡೆಯ ಹುಡುಗಿಯ ಮನೆಯವರು ಜಾತಕ ಕೂಡಿಸಲು ಬಂದಿದ್ದರು. ಗುಣ ಬರುವ ಹೊತ್ತಿಗೆ ಕಂಪ್ಯೂಟರ್ ಗಪ್ಪನೆ ಬಂದಾಯಿತು. ಹುಡುಗಿಯ ಅಪ್ಪ ಎದ್ದು ಶಾಲು ಹೆಗಲಿಗೆ ಹಾಕಿಕೊಂಡು, "ದೇವರಿಗೇ ಇಷ್ಟ ಇಲ್ಲೆ" ಅಂತ ಹೊರಟೇಬಿಟ್ಟರು. ಹುಡುಗನಿಗೆ ನಲವತ್ತು ದಾಟಿತ್ತು. ನಮ್ಮ ಕಡೆ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಭಟ್ಟರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ಅಂದಿನಿಂದ ಅವರು ಒಂದು ನಿಯಮ ಮಾಡಿಕೊಂಡರು. ಸ್ವಿಚ್ ಹಾಕುವ ಮೊದಲು ಕೈ ಎತ್ತಿ ಹೇಳುವುದು: "ಇದು ಹಳೇ ಯಂತ್ರ. ನಡುವೆ ನಿಂತರೆ ಅಪಶಕುನ ಅಲ್ಲ. ಪಂಚಾಂಗ ಇದ್ದು, ಕೈಲೇ ಲೆಕ್ಕ ಹಾಕ್ತೆ." ಅಭ್ಯಾಸ ಎಷ್ಟು ಬಲವಾಯಿತೆಂದರೆ, ಮದುವೆ ಕಾಗದ ಕೊಡಲು ಬಂದವರನ್ನೂ ಕೂರಿಸಿ ಇದನ್ನೇ ಹೇಳಿ ಕಳಿಸುತ್ತಿದ್ದರು.

ನನ್ನ ಸರದಿ

ಇಷ್ಟೆಲ್ಲ ನಕ್ಕ ನನಗೂ ಮೂವತ್ತೆಂಟಾಗಿತ್ತು. ಹತ್ತು ವರ್ಷದಿಂದ ನನ್ನ ಅಮ್ಮ ನನ್ನ ಜಾತಕವನ್ನು ಕಂಡಕಂಡವರಿಗೆ ಕೊಡುತ್ತಿದ್ದಳು, ಅದು ಹೋದಷ್ಟೇ ಬೇಗ ತಿರುಗಿ ಬರುತ್ತಿತ್ತು. ಕೊನೆಗೆ ಯಲ್ಲಾಪುರದ ಒಂದು ಸಂಬಂಧ ಬಂತು. ಹುಡುಗಿ ಸೊಸೈಟಿಯೊಂದರಲ್ಲಿ ಕೆಲಸಕ್ಕಿದ್ದಳು. ಒಂದೇ ಸಲ ಭೇಟಿಯಾಗಿ ಒಂದು ತಾಸು ಮಾತಾಡಿದ್ದೆವು. ನನಗೆ ಅವಳು ಬಿಟ್ಟರೆ ಬೇರೆ ಯಾರೂ ಬೇಡ ಅನ್ನಿಸಿಬಿಟ್ಟಿತ್ತು. ಅವಳಿಗೆ ಏನನ್ನಿಸಿತೋ ಗೊತ್ತಿರಲಿಲ್ಲ. ಅವಳ ಅಪ್ಪ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು: ಜಾತಕ ಕೂಡಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ನೋಡುವುದು ಅದೇ ಭಟ್ಟರ ಹತ್ತಿರ.

ಹಿಂದಿನ ದಿನವೇ ಹೋಗಿ ಕೂತೆ. ಮೆಮೊರಿ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಕರೆಂಟು ಹೋದರೂ ನಿಲ್ಲದಿರಲಿ ಅಂತ ನನ್ನ ಅಂಗಡಿಯ ಯುಪಿಎಸ್ ತಂದು ಮೇಜಿನ ಕೆಳಗೆ ಇಟ್ಟೆ. ಅಷ್ಟು ನಿಯತ್ತಿನಿಂದ ನಾನು ಜನ್ಮದಲ್ಲಿ ಕೆಲಸ ಮಾಡಿರಲಿಲ್ಲ.

ಮರುದಿನ ಗೆಜ್ಜೆ ಸದ್ದಿನೊಂದಿಗೆ ಹುಡುಗಿ, ಹಿಂದೆಯೇ ಅವಳ ಅಪ್ಪ ಬಂದರು. ಅಪ್ಪ ಪರದೆ ಕಾಣದ ಗೋಡೆ ಬದಿಯ ಬೆಂಚಿನಲ್ಲಿ ಕೂತರು. ಭಟ್ಟರು ತಮ್ಮ ಘೋಷಣೆ ಮುಗಿಸಿ, "ಹುಟ್ಟಿದ ವೇಳೆ ಸರಿ ಇದ್ದನ ನೋಡು ತಂಗಿ" ಅಂತ ಅವಳನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡರು. ನಾನು ಹಿಂದೆ ನಿಂತೆ. ಹದಿನೈದು ವರ್ಷದಲ್ಲಿ ಮೊದಲ ಸಲ ಆ ಯಂತ್ರ ಎಲ್ಲೂ ತಡೆಯದೆ, ಕೆಮ್ಮದೆ ಓಡಿತು. ಓಡಿ, ದೊಡ್ಡ ಅಕ್ಷರದಲ್ಲಿ ತೋರಿಸಿತು: ಹನ್ನೊಂದು ಗುಣ.

ನನ್ನ ಕೈಯಾರೆ ನಾನೇ ಸರಿ ಮಾಡಿದ ಯಂತ್ರ! ಭಟ್ಟರು ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿದರು. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಜರುಗಿದರು. ಮೇಜಿನ ಕೆಳಗೆ ಟಕ್ ಅಂದಿತು. ಪರದೆ ಕಪ್ಪಾಯಿತು.

"ಅಪ್ಪಯ್ಯ, ಬಂದ್ ಆತು," ಎಂದಳು ಹುಡುಗಿ.

"ಹಳೇ ಯಂತ್ರ, ಹೇಳಿದ್ನಲಿ," ಅಂತ ಭಟ್ಟರು ಪಂಚಾಂಗ ಬಿಚ್ಚಿದರು. ಬೆರಳು ಮಡಚಿದರು, ತುಟಿ ಅಲ್ಲಾಡಿಸಿದರು. "ಇಪ್ಪತ್ತೆರಡು. ಅಡ್ಡಿಲ್ಲೆ."

ಹುಡುಗಿಯ ಅಪ್ಪನ ಮುಖ ಅರಳಿತು. ಆದರೂ ಕೇಳಿದರು: "ಈ ಕಂಪ್ಯೂಟರ್ ರಿಪೇರಿ ಮಾಡಿದವ ಯಾರು?"

"ಆನೇ," ಎಂದೆ.

"ಕೆಲಸ ಸಾಲ್ತಿಲ್ಲೆ ನೋಡು."

ಹದಿನಾಲ್ಕು ವರ್ಷದಲ್ಲಿ ಬೈಸಿಕೊಂಡು ಖುಷಿಪಟ್ಟಿದ್ದು ಅದೊಂದೇ ಸಲ.

ಮದುವೆಯಾಗಿ ವಾರಕ್ಕೆ ಪಂಚೆ, ಶಾಲು, ತಾಂಬೂಲ ಹಿಡಿದು ನಾನೊಬ್ಬನೇ ಭಟ್ಟರ ಮನೆಗೆ ಹೋಗಿ ಅಡ್ಡಬಿದ್ದೆ. "ಅವತ್ತು ನೀವು ಕಾಲಿನಲ್ಲಿ ಆ ಯುಪಿಎಸ್ ಸ್ವಿಚ್ ಒತ್ತದೇ ಹೋಗಿದ್ದರೆ ನನ್ನ ಗತಿ ಎಂತಾಗಿತ್ತು ಭಟ್ರೆ?" ಎಂದೆ.

ಭಟ್ಟರು ಒಳಗಿನ ಬಾಗಿಲು ಒಮ್ಮೆ ನೋಡಿ ದನಿ ಇಳಿಸಿದರು.

"ಒತ್ತಲೆ ಹೇಳಿ ಕಾಲು ಚಾಚಿದ್ದು ಹೌದು ತಮಾ, ಸುಳ್ಳು ಹೇಳ್ತಿಲ್ಲೆ. ಆದ್ರೆ ಸ್ವಿಚ್ಚಿನ ಮೇಲೆ ಆಗಲೇ ಒಂದು ಗೆಜ್ಜೆ ಕಾಲು ಇತ್ತು."