ನಾನು ಪೂರ್ತಿ ಅಂಕ ಕೊಟ್ಟ ಯುದ್ಧದ ಸಿನಿಮಾ

ಯುದ್ಧದ ಸಿನಿಮಾಗಳನ್ನು ಹೆಚ್ಚು ಇಷ್ಟಪಡುವವರು ನನ್ನಂಥ ಪುಕ್ಕಲರೇ ಎಂದು ನನಗೆ ಬಹಳ ದಿನದಿಂದ ಅನುಮಾನ. ಮನೆಯಲ್ಲಿ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುವ ಆಸಾಮಿ ನಾನು. ಆದರೂ ಒಂದು ಕಾಲದಲ್ಲಿ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಟಾಕೀಸಿಗೆ ಬಂದ ಇಂಗ್ಲಿಷ್ ಯುದ್ಧದ ಸಿನಿಮಾಗಳಲ್ಲಿ ಒಂದನ್ನೂ ಬಿಟ್ಟವನಲ್ಲ. ಈಗ ಮನೆಗೇ ಟೀವಿ ಬಂದಿದೆ. ಅಂಥ ಸಿನಿಮಾ ಹಾಕಿದ ದಿನ ಮಕ್ಕಳು ಅಪ್ಪನಿಗೆ ಖುಷಿಯಾಗಲಿ ಎಂದು ಕರೆದು ಕೂರಿಸುತ್ತಾರೆ. ಮೊದಲ ಬಾಂಬು ಬೀಳುತ್ತಿದ್ದಂತೆ ನಾನು ಎದ್ದು ಅಡುಗೆಮನೆಗೆ ಹೋಗಿ, ಪಾತ್ರೆಗಳ ಸ್ಟ್ಯಾಂಡಿನ ಮುಂದೆ ಒಂದು ನಿಮಿಷ ಕಿವಿಗೊಟ್ಟು ನಿಂತು ಬರುತ್ತೇನೆ. ನಾನು ತಿಂಡಿ ಕದಿಯಲು ಹೋಗುತ್ತೇನೆಂದು ತಿಳಿದು ನನ್ನ ಹೆಂಡತಿ ಚಕ್ಕುಲಿ ಡಬ್ಬದ ಜಾಗವನ್ನು ಮೂರು ಸಲ ಬದಲಾಯಿಸಿದ್ದಾಳೆ. ನಿಜವಾದ ಕಾರಣವನ್ನು ಅವಳಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನೀವು ಮನೆಯವರಲ್ಲವಲ್ಲ.

ಆಗ ನಾನು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ದಿನವೂ ರೈಲಿನಲ್ಲಿ ಕೆ.ಜಿ.ಎಫ್.ಗೆ ಬಂದು, ಆಂಡರ್ಸನ್‌ಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾಗಿದ್ದೆ. ಶನಿವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕಿದರೆ ನೇರವಾಗಿ ಮ್ಯಾಟಿನಿ. ನಮ್ಮಮ್ಮನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಜಗಳ ನೋಡಕ್ಕೆ ಅಷ್ಟು ದೂರ ಯಾಕ್ಲಾ ಓಗ್ತೀಯ? ಬೆಳಿಗ್ಗೆ ನಲ್ಲಿ ತಾವ ಬಾ, ನಾನೇ ತೋರಿಸ್ತೀನಿ" ಅನ್ನುತ್ತಿದ್ದಳು. ನಲ್ಲಿಯ ಜಗಳದಲ್ಲಿ ಕಲೆ ಇಲ್ಲ ಎಂದು ಅವಳಿಗೆ ವಿವರಿಸುವುದು ಹೇಗೆ?

ಕಲೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ವಿದ್ಯಾರ್ಥಿಗಳು ಟೈಪು ಮಾಡಿದ ಹಾಳೆಗೆ ಅಂಕ ಹಾಕಿ ಹಾಕಿ, ಕಂಡದ್ದಕ್ಕೆಲ್ಲ ಅಂಕ ಹಾಕುವ ಚಟ ಹತ್ತಿತ್ತು. ಸಿನಿಮಾಕ್ಕೆಂದೇ ಒಂದು ನೋಟುಪುಸ್ತಕ ಇಟ್ಟಿದ್ದೆ. ಒಳ್ಳೆಯ ಯುದ್ಧದ ಸಿನಿಮಾಕ್ಕೆ ನಾಲ್ಕು ಲಕ್ಷಣ, ಒಂದೊಂದಕ್ಕೆ ಇಪ್ಪತ್ತೈದು ಅಂಕ. ಮೊದಲನೆಯದು ಕೆಸರು. ಸಿಪಾಯಿಯ ಬಟ್ಟೆ ಇಸ್ತ್ರಿ ಮಾಡಿದ ಹಾಗಿದ್ದರೆ ಅದು ಯುದ್ಧವಲ್ಲ, ಮದುವೆ. ಎರಡನೆಯದು ಊರಿನಿಂದ ಬಂದ ಕಾಗದ. ಅದನ್ನು ಓದುವಾಗ ಯಾರೂ ಮಾತಾಡಬಾರದು. ಮೂರನೆಯದು ಎಲ್ಲರನ್ನೂ ನಗಿಸುವ ಒಬ್ಬ ಸಿಪಾಯಿ. ಅವನು ಇಂಟರ್‌ವಲ್ ಆದಮೇಲೆ ಸಾಯಲೇಬೇಕು, ಆಗಲೇ ನಮಗೆ ಕರುಳು ಚುರ್ ಎನ್ನುವುದು. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಬಾಂಬು ಬಿದ್ದರೆ ನಮ್ಮ ಕುರ್ಚಿ ನಡುಗಬೇಕು. ಈ ನಾಲ್ಕನೆಯದರಲ್ಲಿ ನಮ್ಮ ಟಾಕೀಸಿನ ಎಲ್ಲ ಸಿನಿಮಾಗಳೂ ನಪಾಸು. ಅಲ್ಲಿನ ಹಳೆಯ ಸ್ಪೀಕರಿನಲ್ಲಿ ಬಾಂಬು ಬಿದ್ದರೆ ಹಪ್ಪಳ ಮುರಿದಷ್ಟೇ ಸದ್ದು.

ಈ ಪಾಂಡಿತ್ಯಕ್ಕೆಲ್ಲ ಒಬ್ಬನೇ ಕೇಳುಗನಿದ್ದ. ನಮ್ಮ ಇನ್‌ಸ್ಟಿಟ್ಯೂಟಿನ ಮಿಷನ್ನುಗಳನ್ನು ರಿಪೇರಿ ಮಾಡುತ್ತಿದ್ದ ಏಳುಮಲೆ. ನನಗಿಂತ ಎರಡು ವರ್ಷ ಚಿಕ್ಕವನು. ಅವನಿಗೆ ಇಂಗ್ಲಿಷ್ ಬಾರದು, ಪಕ್ಕದಲ್ಲಿ ಕೂತು ನಾನು ಅರ್ಥ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಬರುತ್ತಿರಲಿಲ್ಲ. ಇಂಗ್ಲಿಷನ್ನು ಕಣ್ಣುಮುಚ್ಚಿ ಟೈಪು ಮಾಡಬಲ್ಲೆ, ಆದರೆ ಆ ಸಿಪಾಯಿಗಳು ಬಾಯಲ್ಲಿ ಬೀಡಾ ಇಟ್ಟುಕೊಂಡವರ ಹಾಗೆ ಆಡುವ ಮಾತು ಯಾರಿಗೆ ತಿಳಿಯಬೇಕು? ಅವರ ಮುಖ ನೋಡಿ ಕಥೆ ಕಟ್ಟುತ್ತಿದ್ದೆ. ಏಳುಮಲೆ ಅದನ್ನೆಲ್ಲ ನಂಬುತ್ತಿದ್ದ. ನನ್ನನ್ನು ಅಷ್ಟು ನಂಬಿದವರು ನನಗೆ ಅವನಿಗಿಂತ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಏಳುಮಲೆಯ ಮನೆ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರ ತಗಡಿನ ಮನೆಗಳ ಸಾಲಿನಲ್ಲಿ. ಅಣ್ಣ ಮುರುಗೇಶ ನೆಲದ ಕೆಳಗೆ ಕೆಲಸ ಮಾಡುತ್ತಿದ್ದ. ಆ ಊರಿನಲ್ಲಿ ಆಗಾಗ ನೆಲದಾಳದ ಬಂಡೆ ತಾನಾಗಿ ಸಿಡಿಯುತ್ತದೆ. ಮೇಲೆ ಭೂಮಿ ಅದುರುತ್ತದೆ, ಅಟ್ಟದ ಮೇಲಿನ ಪಾತ್ರೆಗಳು ಗಲಗಲ ಎನ್ನುತ್ತವೆ. ಪಾತ್ರೆ ಸದ್ದಾದ ಕೂಡಲೇ ಮನೆಗೊಬ್ಬರಂತೆ ಎದ್ದು ಹೋಗಿ ಗಣಿಯ ಬಾಯಿಯ ಹತ್ತಿರ ನಿಲ್ಲುವುದು ಅವರ ರೂಢಿ. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಮೇಲೆ ಬಂದವನ ಕಣ್ಣಿಗೆ ಮೊದಲು ಮನೆಯವರ ಮುಖ ಬೀಳಬೇಕು. ಅಳುವುದಿಲ್ಲ, ಕೂಗುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಏಳುಮಲೆಯ ಅಪ್ಪ ತೀರಿಹೋಗಿದ್ದರು, ತಾಯಿಗೆ ಮಂಡಿ ನೋವು. ಹಾಗಾಗಿ ಆ ಮನೆಯಿಂದ ನಿಲ್ಲಬೇಕಾದವನು ಏಳುಮಲೆಯೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲವೂ ನನಗಿಲ್ಲ.

ಆ ಶನಿವಾರದ ಸಿನಿಮಾ ಮೊದಲಿನಿಂದಲೇ ಗೆಲ್ಲುವ ಕುದುರೆ. ಕೆಸರೆಂದರೆ ಮೊಣಕಾಲುದ್ದ. ಕಾಗದ ಓದಿದವನು ಅದನ್ನು ಮಡಿಸಿ ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡ. ನಗಿಸುವವನು ನಾನು ಹೇಳಿದ ಸಮಯಕ್ಕೆ ಸರಿಯಾಗಿ ಸತ್ತ. ಅದೂ ಅಲ್ಲದೆ ಟಾಕೀಸಿನವರು ಹೊಸ ಸೌಂಡ್ ಬಾಕ್ಸ್ ಹಾಕಿಸಿದ್ದೇವೆಂದು ಆ ವಾರ ಬೋರ್ಡು ಬರೆಸಿದ್ದರು. ಶತ್ರುವಿನ ಟ್ಯಾಂಕುಗಳು ಗುಡ್ಡದ ಹಿಂದಿನಿಂದ ಮೂತಿ ತೋರಿಸಿದವು, ಮೊದಲ ಗುಂಡು ಹಾರಿತು, ನನ್ನ ಕುರ್ಚಿ ನಡುಗಿತು. ಬೆನ್ನಿನಿಂದ ಹಲ್ಲಿನವರೆಗೆ ನಡುಗಿತು. ನಾನು ಚಪ್ಪಾಳೆ ಹೊಡೆದೆ. ಆ ಹಾಲಿನಲ್ಲಿ ಚಪ್ಪಾಳೆ ಹೊಡೆದವನು ನಾನೊಬ್ಬನೇ. ಪುಸ್ತಕ ತೆಗೆದು ಕತ್ತಲಲ್ಲೇ ನಾಲ್ಕನೆಯ ಲಕ್ಷಣದ ಮುಂದೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಎಂದು ಗೀಚಿದೆ.

ಏಳುಮಲೆ ಎದ್ದು ನಿಂತಿದ್ದ. "ಮೇಷ್ಟ್ರೇ, ಇದು ಸಿನಿಮಾದ್ದಲ್ಲ. ನಮ್ದು" ಅಂದ.

"ಕೂತ್ಕಳ್ಲಾ, ಒಸ ಸೌಂಡ್ ಬಾಕ್ಸು" ಎಂದು ಅವನ ಅಂಗಿ ಹಿಡಿದು ಎಳೆದೆ. ಅವನು ಕೂತ. ಇಂಗ್ಲಿಷ್ ಬಲ್ಲ ಮೇಷ್ಟ್ರು ಹೇಳಿದಮೇಲೆ ಕೂರದೆ ಏನು ಮಾಡುತ್ತಾನೆ? ಮುಂದಿನ ಬೆಂಚುಗಳಿಂದ ಜನ ಒಬ್ಬೊಬ್ಬರಾಗಿ ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಕ್ಲೈಮ್ಯಾಕ್ಸ್ ಬಿಟ್ಟು ಹೋಗುತ್ತಾರಲ್ಲ, ರಸಿಕತೆ ಇಲ್ಲದ ಜನ ಎಂದುಕೊಂಡೆ. ಏಳುಮಲೆ ಇನ್ನೊಂದು ಸಲ ಬಾಗಿಲ ಕಡೆ ನೋಡಿದ. ಆಗ ನನಗೂ ಒಂದು ಗಳಿಗೆ ಅನುಮಾನ ಬಂದದ್ದು ಸುಳ್ಳಲ್ಲ. ಅಷ್ಟರಲ್ಲಿ ಟ್ಯಾಂಕು ಹತ್ತಿರ ಬಂತು, ಅನುಮಾನವನ್ನು ಆಮೇಲೆ ನೋಡಿಕೊಳ್ಳೋಣ ಎಂದು ಅವನ ತೊಡೆಯ ಮೇಲೆ ಕೈಯಿಟ್ಟು ಕಥೆ ಹೇಳತೊಡಗಿದೆ. ಹೀಗೆ ಕಾಲು ಗಂಟೆ ಕಳೆಯಿತು. ರೀಲು ಮುಗಿದು ಪರದೆ ಬೆಳ್ಳಗಾಯಿತು. ಮುಂದಿನ ರೀಲು ಹಾಕುವವರು ಯಾರೂ ಇರಲಿಲ್ಲ. ಪ್ರೊಜೆಕ್ಟರ್ ನಡೆಸುವಾತನ ಮನೆಯವರೂ ಗಣಿಯಲ್ಲಿದ್ದರು, ಆತನೂ ಎದ್ದು ಹೋಗಿದ್ದ. ದೀಪ ಹತ್ತಿದಾಗ ಹಾಲಿನಲ್ಲಿ ಉಳಿದವರು ನಾವಿಬ್ಬರು ಮತ್ತು ನಿದ್ದೆ ಹೋಗಿದ್ದ ಒಬ್ಬ ಮುದುಕ.

ಏಳುಮಲೆ ಓಡಿಹೋಗಿ ಸೈಕಲ್ ಹತ್ತಿದ. ನಾನು ಕ್ಯಾರಿಯರ್ ಮೇಲೆ ಕೂತು ಅವನನ್ನು ಇನ್ನಷ್ಟು ತಡಮಾಡಿದೆ. ನಾವು ತಲುಪಿದಾಗ ಗಣಿಯ ಬಾಯಿಯ ಹತ್ತಿರ ಜನ ಆಗಲೇ ಚದುರುತ್ತಿದ್ದರು. ಪುಣ್ಯಕ್ಕೆ ಆ ದಿನ ಕೆಳಗಿದ್ದವರೆಲ್ಲ ಮೇಲೆ ಬಂದಿದ್ದರು. ಮುರುಗೇಶ ಮೊದಲ ಕೇಜಿನಲ್ಲೇ ಬಂದು, ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಕುಂಟುತ್ತಾ ಮನೆ ಕಡೆ ಓಡಿಹೋದ ಎಂದು ಯಾರೋ ಹೇಳಿದರು.

ಮನೆಯಲ್ಲಿ ಮುರುಗೇಶ ತಾಯಿಯ ಪಕ್ಕ ನೆಲದ ಮೇಲೆ ಕೂತಿದ್ದ. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು, ಕಾಲಿನಲ್ಲಿ ರಕ್ತ. ಆ ಮನೆಯಲ್ಲಿ ಮಾತೆಲ್ಲ ತಮಿಳು, ಆದರೆ ನಾನು ಹೋದಾಗ ಮರ್ಯಾದೆಗೆ ಕನ್ನಡಕ್ಕೆ ತಿರುಗುತ್ತಿದ್ದರು. ಆ ದಿನವೂ ಆ ಮರ್ಯಾದೆ ತಪ್ಪಿಸಲಿಲ್ಲ.

"ಮೇಲೆ ಬಂದೆ ತಂಬಿ. ಎಲ್ಲಾರ ಮನೇವ್ರೂ ಇದ್ರು. ನಮ್ಮನೇವ್ರು ಯಾರೂ ಇಲ್ಲ. ಮನೆ ಬಿದ್ದೋಯ್ತು, ಅಮ್ಮಾನೂ ನೀನೂ ಒಳಗೇ ಉಳ್ಕಂಡ್ರಿ ಅಂದ್ಕಂಡೆ" ಎಂದ ಮುರುಗೇಶ. ಹೆಲ್ಮೆಟ್ ಕಳಚಿ, "ಎಲ್ಲಿದ್ದೆ?" ಎಂದು ಕೇಳಿದ.

"ಸಿನಿಮಾ ನೋಡ್ತಾ ಇದ್ದೆ ಅಣ್ಣಾ" ಅಂದ ಏಳುಮಲೆ.

ಅಷ್ಟೇ. ಮೇಷ್ಟ್ರು ಹಿಡಿದು ಕೂರಿಸಿದರು ಎಂದು ಅವನು ಹೇಳಲಿಲ್ಲ. ಹೇಳುತ್ತಾನೇನೋ ಎಂದು ಹೆದರಿ ನಾನು ನೆಲ ನೋಡುತ್ತಿದ್ದೆ. ಹೇಳಲಿಲ್ಲವಲ್ಲ ಎಂದು ಸಮಾಧಾನವೂ ಪಟ್ಟೆ. ಆ ಸಮಾಧಾನವನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಆ ತಾಯಿ ಮಂಡಿ ಹಿಡಿದುಕೊಂಡು ಎದ್ದು ನನಗೆ ಟೀ ಕಾಸಿ ಕೊಟ್ಟರು. ಅಟ್ಟದಿಂದ ಬಿದ್ದ ಪಾತ್ರೆಗಳು ಮನೆ ತುಂಬ ಹರಡಿದ್ದವು. ಅವುಗಳ ನಡುವೆ ಕೂತು ಕುಡಿದು ಬಂದೆ.

ಏಳುಮಲೆ ಆಮೇಲೂ ಕೆಲಸಕ್ಕೆ ಬಂದ, ಮಿಷನ್ನುಗಳಿಗೆ ಎಣ್ಣೆ ಬಿಟ್ಟ, ನಮಸ್ಕಾರ ಮೇಷ್ಟ್ರೇ ಅಂದ. ಶನಿವಾರ ಸಿನಿಮಾಕ್ಕೆ ಕರೆದರೆ ಮಾತ್ರ ಕೆಲಸ ಇದೆ ಎನ್ನುತ್ತಿದ್ದ. ಒಬ್ಬನೇ ಎರಡು ಸಲ ಹೋಗಿ ನೋಡಿದೆ. ಅರ್ಥ ಕೇಳುವವರಿಲ್ಲದೆ ನನಗೂ ಅರ್ಥವಾಗಲಿಲ್ಲ.

ಹೋದ ತಿಂಗಳು ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಮುರುಗೇಶ ಸಿಕ್ಕಿದ. ಗಣಿ ಬಿಟ್ಟು ಎಷ್ಟೋ ವರ್ಷವಾಗಿದೆ, ತಲೆ ಪೂರ್ತಿ ನರೆತಿದೆ. ತಾನಾಗಿಯೇ ಆ ದಿನದ ಮಾತು ತೆಗೆದ. "ಅವತ್ತಿನ ಸಿನಿಮಾ ಕೊನೇಲಿ ಏನಾಯ್ತು ಮೇಷ್ಟ್ರೇ? ತಂಬೀನ ಎಷ್ಟು ಸಲ ಕೇಳಿದ್ರೂ ಗೊತ್ತಿಲ್ಲ ಅಂತಾನೆ" ಎಂದ.

ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ನನಗೂ ಹೊಳೆಯಿತು. ಆದರೆ ಬಾಯಿ ತೆರೆದರೆ ಹಳೆಯ ಅಭ್ಯಾಸವೇ ಹೊರಬಂತು, ಕಥೆ ಕಟ್ಟತೊಡಗಿದೆ. ಯುದ್ಧ ಮುಗಿಯಿತು, ಸಿಪಾಯಿಗಳು ರೈಲಿನಲ್ಲಿ ಊರಿಗೆ ಬಂದರು, ಎಲ್ಲರ ಮನೆಯವರೂ ಸ್ಟೇಷನ್ನಿಗೆ ಬಂದಿದ್ದರು, ಒಬ್ಬನಿಗೆ ಮಾತ್ರ ಯಾರೂ ಇರಲಿಲ್ಲ, ಅವನು ತುಂಬ ಹೊತ್ತು ಕಾದ, ಕೊನೆಗೆ ಅವನ ತಮ್ಮ ಓಡಿಕೊಂಡು ಬಂದ ಎಂದೆ.

ಮುರುಗೇಶ ಲೋಟ ಕೆಳಗಿಟ್ಟ. "ಲೇಟಾದ್ರೂ ಬಂದ್ನಲ್ಲ. ಒಳ್ಳೇ ಸಿನಿಮಾ" ಅಂದ. ಆಮೇಲೆ, "ಯಾಕೆ ಲೇಟಾಯ್ತಂತೆ?" ಎಂದು ಕೇಳಿದ.

"ದಾರೀಲಿ ಯಾರೋ ತಡೆದಿದ್ರು."

"ಯಾರು?"

"ಅದನ್ನ ಸರಿಯಾಗಿ ತೋರಿಸ್ಲಿಲ್ಲ" ಎಂದು ಹೇಳಿ, ಆರಿಹೋಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದೆ.