ಬದನೆಗಿಡದ ಹೊಲಿಗೆ

ಕಮಲಾಪುರದಲ್ಲಿ ಈ ಸಂಗತಿಯನ್ನು ಹೇಳುವವರು ಚೆನ್ನಬಸಮ್ಮನ ಗಂಟಲಿನಿಂದಲೇ ಆರಂಭಿಸುತ್ತಾರೆ. ಕುಬಸದ ತೋಳು ಬಿಚ್ಚಿತೆಂದು ಆಕೆ ಪಕ್ಕದ ಮನೆಯ ಟೇಲರ್ ಪಕ್ಕೀರಪ್ಪನೊಡನೆ ಹೊತ್ತು ಮುಳುಗುವವರೆಗೂ ಜಗಳವಾಡಿದ್ದಳು.

"ಹೊಸಪ್ಯಾಟಿ ದಾರ ಕಚ್ಚಾ ಬಂದೈತಿ, ನಾನೇನ್ ಮಾಡ್ಲಿ?" ಎಂದು ವಾಡಿಕೆಯ ಉತ್ತರವನ್ನೇ ಕೊಟ್ಟ ಪಕ್ಕೀರಪ್ಪ, ಅದೂ ಸಾಲದೆ ಹೋದಾಗ, "ನಿನ್ನ ಬಾಯಿಗೇ ಹೊಲಿಗಿ ಹಾಕ್ತೀನಿ ನೋಡಬೇ!" ಎಂದುಬಿಟ್ಟಿದ್ದ.

ಬೆಳಗಾಗುವಷ್ಟರಲ್ಲಿ ಆಕೆಯ ಗಂಟಲು ಪೂರ್ತಿ ಕಟ್ಟಿತ್ತು. ಹಿತ್ತಲಿಗೆ ಹೋದರೆ, ಬದನೆಗಿಡದ ಎರಡು ಹಸಿರೆಲೆಗಳನ್ನು ಅಂಚಿಗೆ ಅಂಚು ಕೂಡಿಸಿ ಕೆಂಪು ದಾರದಿಂದ ಹೊಲಿದಿದ್ದುದು ಅಂದೇ ಕಣ್ಣಿಗೆ ಬಿತ್ತು.

ಓಣಿ ನೆರೆಯಿತು. "ಬಾಯಿ ಕಟ್ಟಿಸೋ ಮಾಟ ಮಾಡ್ಯಾನ್ರೀ! ದಾರ ನೋಡ್ರಿ, ಇವನ ಅಂಗಡೀದ!" ಎಂದು ಎದುರುಮನೆಯ ಹುಲುಗಮ್ಮ ಕೂಗಿದಳು.

ಓಣಿಯ ಹಿರಿಯ ಎರ್ರಿಯಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಏನ್ ಅಚ್ಚುಕಟ್ಟು ಹೊಲಿಗೀಲೇ! ಪಳಗಿದ ಟೇಲರಿಗಲ್ಲದ ಬ್ಯಾರೆಯವ್ರಿಗೆ ಬರ್ತೈತೇನು?"

ಮಿಷನ್ ತುಳಿಯತೊಡಗಿದಂದಿನಿಂದ ಇಂಥ ಮಾತನ್ನು ಪಕ್ಕೀರಪ್ಪ ಕೇಳಿರಲಿಲ್ಲ. 'ನಾನಲ್ಲ' ಎನ್ನಬೇಕಾದ ನಾಲಗೆ ಒಂದು ಗಳಿಗೆ ಹಿಗ್ಗಿ ತಡವರಿಸಿತು. ಆ ತಡವೇ ತಪ್ಪೊಪ್ಪಿಗೆಯಾಯಿತು.

"ಈಗಿಂದೀಗ ಬಿಚ್ಚಲೇ. ಇಲ್ಲಂದ್ರ ನಿನ್ನ ಅಂಗಡಿ ಕಟ್ಟಿ ಯಾರೂ ಹತ್ತಂಗಿಲ್ಲ," ಎಂದ ಎರ್ರಿಯಪ್ಪ.

ಪಕ್ಕೀರಪ್ಪ ಕತ್ತರಿ ತಂದು ಬಗ್ಗಿದ. ಎಲೆಯ ಜೇಬಿನೊಳಗೆ, ಅರಳೆಯ ಮೇಲೆ, ಪುಕ್ಕ ಮೂಡದ ಮರಿಗಳು ಅಂಗಿಯ ಗುಂಡಿಯಷ್ಟು ಬಾಯಿ ತೆರೆದವು. ಕತ್ತರಿ ಹಿಂದಕ್ಕೆ ಬಂತು.

"ಒಲ್ಲೆ. ಇದು ಸಿಂಪಿಗ ಹಕ್ಕಿ ಗೂಡ್ರೀ ಯಜಮಾನ್ರ."

"ಹಕ್ಕಿ ಹೊಲೀತೈತಾ? ಅದಕ್ಕ ಮಿಷನ್ ಯಾರ್ ಕೊಡಿಸ್ಯಾರಲೇ?"

"ಸುಮ್ಮ ಕುಂದ್ರಿ, ಬರ್ತೈತಿ."

ಸುಮ್ಮನಿರಲು ಒಬ್ಬರಿಗೊಬ್ಬರು ಹೇಳುವ ಗದ್ದಲವೇ ಮಧ್ಯಾಹ್ನದವರೆಗೆ ನಡೆಯಿತು. ನುಗ್ಗೆಮರದಿಂದ ಹಕ್ಕಿ 'ಟುವೀ ಟುವೀ' ಎಂದು ಬೈಯುತ್ತಿತ್ತೇ ಹೊರತು ಇಳಿಯಲಿಲ್ಲ. ಓಣಿಯಲ್ಲಿ ಅಂದು ಮೌನವಾಗಿದ್ದವಳು ಚೆನ್ನಬಸಮ್ಮನೊಬ್ಬಳೇ.

ಕೊನೆಗೆ ಎಲ್ಲರ ಗಂಟಲೂ ಒಣಗಿದಾಗ ಅದು ಬಂತು. ಇಟ್ಟಿಗೆಬಣ್ಣದ ನೆತ್ತಿ, ಹಸಿರು ಬೆನ್ನು, ನೆಟ್ಟಗೆ ನಿಂತ ಬಾಲ, ಕೊಕ್ಕಿನಲ್ಲಿ ಹಸಿರು ಹುಳ. ಎಲೆಯೊಳಗೆ ನುಸುಳಿ ಮರಿಗೆ ಉಣಿಸಿ ಹಾರಿತು. ಎರ್ರಿಯಪ್ಪ ಮತ್ತೆ ಬಗ್ಗಿದ. ಸೂಜಿಯದಲ್ಲ, ಕೊಕ್ಕಿನ ತೂತು. ಜೇಡನ ಎಳೆಯ ನಡುವೆ ಅಂಗಡಿಯ ಕಸದಿಂದ ಹೆಕ್ಕಿದ ದಾರದ ತುಂಡು.

"ತಪ್ಪಾತಪ್ಪಾ ಪಕ್ಕೀರಪ್ಪ," ಎಂದ. ಪಕ್ಕೀರಪ್ಪನಿಗೆ ಹೋದ ಜೀವ ಬಂದಂತಾಯಿತು.

ಕಟ್ಟಿದ್ದ ಚೆನ್ನಬಸಮ್ಮನ ಗಂಟಲು ಆಗ ಬಿಚ್ಚಿಕೊಂಡಿತು.

"ಗಾಳಿ ಬಡದೈತಿ, ಮರಿ ಒದ್ದಾಡ್ಯಾವ, ಒಂದ್ ಹೊಲಿಗಿ ಬಿಚ್ಚಿಲ್ಲ! ದಾರ ಇವಂದ ಐತಿ. ಹಂಗಾರ ಕಚ್ಚಾ ಇದ್ದದ್ದು ದಾರ ಅಲ್ರೀ, ಇವನ ಕೈ!"

ಸಂಜೆಯಾಗುವಷ್ಟರಲ್ಲಿ ತೋಳು ಬಿಚ್ಚಿದ, ಬಗಲು ಬಿಚ್ಚಿದ ಕುಬಸಗಳನ್ನು ಹಿಡಿದ ಹೆಂಗಸರು ಅಂಗಡಿ ಕಟ್ಟೆಯಿಂದ ಓಣಿಯ ತಿರುವಿನವರೆಗೆ ಬಿಟ್ಟಿ ಹೊಲಿಗೆಗೆ ನಿಂತಿದ್ದರು. ಪಕ್ಕೀರಪ್ಪ ತಲೆ ತಗ್ಗಿಸಿ ಅದೇ ಕೆಂಪು ದಾರ ಪೋಣಿಸಿದ. ಹುಳ ಕಚ್ಚಿಕೊಂಡು ಹೊರಟಿದ್ದ ಹಕ್ಕಿ ಕಟ್ಟೆಯ ಮೇಲೆ ಕೊಂಚ ನಿಂತು, ಕತ್ತು ಓರೆಮಾಡಿ, ಅವನ ಹೊಲಿಗೆಯನ್ನೊಮ್ಮೆ ನೋಡಿ ಹೋಯಿತು.