ಮೀನಿಗೆ ಅಮ್ಮ, ನಮಗೆ ಪಥ್ಯ

ನಮ್ಮ ದೊಡ್ಡಪ್ಪನಂಥ ವೈದ್ಯರು ತಾಳವಾಡಿ ಬೆಟ್ಟದ ಮೇಲೆ ಇನ್ನೊಬ್ಬರಿಲ್ಲ. ಅವರ ಚಿಕಿತ್ಸೆಯಲ್ಲಿ ರೋಗ ಒಬ್ಬರಿಗೆ, ಪಥ್ಯ ಇನ್ನೊಬ್ಬರಿಗೆ! ರೋಗಿ ಗಾಜಿನ ತೊಟ್ಟಿಯೊಳಗೆ ಬಾಲ ಆಡಿಸಿಕೊಂಡಿದ್ದರೆ, ಹೊರಗಿದ್ದ ನಾವು ಒಗ್ಗರಣೆ ಇಲ್ಲದ ಸಾರು ಸುರಿದುಕೊಂಡು ಉಂಡೆವು. ರೋಗಿ ಯಾರು ಅಂತೀರಾ? ಒಂದು ಮೀನು. ಅದೂ ಲಿಂಗ ಕಟ್ಟಿದವರ ಮನೆಯಲ್ಲಿ!

ತಾಳವಾಡಿ ಸಂತೆಯಲ್ಲಿ ಮೀನಿನ ಸಾಲು ಬಂದರೆ ಟವೆಲಿನಿಂದ ಮೂಗು ಮುಚ್ಚಿಕೊಂಡು ಓಡುವ ಮನುಷ್ಯ ಅವರು. ಅಂಥವರ ಮನೆಗೆ ಮೀನು ಹೇಗೆ ಬಂತು? ದೊಡ್ಡವ್ವನಿಗೆ ಲಕ್ವ ಹೊಡೆದು, ಬಲಗೈ ಜೊತೆಗೆ ಮಾತೂ ನಿಂತುಹೋಗಿತ್ತು. ಅದಕ್ಕೆ ಮುಂಚೆ ದೊಡ್ಡವ್ವ ಬೆಳಗಾದರೆ ಗಂಡನನ್ನು ಬೈಯಲು ಶುರುಮಾಡುತ್ತಿದ್ದರು. "ಇವಳ ಬಾಯ್ಗೆ ಬೀಗ ಆಕೋರು ಯಾರೂ ಇಲ್ವಾ?" ಎಂದು ದೊಡ್ಡಪ್ಪ ಊರೆಲ್ಲ ಗೋಳಾಡಿಕೊಂಡು ತಿರುಗುತ್ತಿದ್ದರು. ನಿಜವಾಗಿಯೂ ಬೀಗ ಬಿದ್ದ ಮೇಲೆ ಮನೆಯಲ್ಲಿ ಕೂರಲಾರದೆ, ನಿಲ್ಲಲಾರದೆ ಒದ್ದಾಡಿದರು. ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸಲು ಹೋದಾಗ, ಅಲ್ಲಿದ್ದ ಮೀನಿನ ತೊಟ್ಟಿ ಕಂಡು ದೊಡ್ಡವ್ವ ನಕ್ಕರಂತೆ. ಸರಿ, ಅಂಥದ್ದೇ ತೊಟ್ಟಿಯೊಂದು ಬಸ್ಸು ಹತ್ತಿ ನಮ್ಮೂರು ಗೆಟ್ಟವಾಡಿಗೆ ಬಂತು. ಕೇಳಿದವರಿಗೆಲ್ಲ ದೊಡ್ಡಪ್ಪ "ವಾಸ್ತುಗೆ ಕಣಪ್ಪ" ಎಂದುಬಿಟ್ಟರು.

ಕೆಂಪು ಮೀನಿಗೆ ಗೌರಿ ಎಂದು ಹೆಸರಾಯಿತು. ದೊಡ್ಡವ್ವ ಎಡಗೈ ಬೆರಳನ್ನು ಗಾಜಿಗೆ ಒತ್ತಿದರೆ ಗೌರಿ ಬಂದು ಅಲ್ಲಿಗೇ ಮೂತಿ ಒತ್ತುತ್ತಿತ್ತು. ಆಗ ದೊಡ್ಡವ್ವನ ತುಟಿ ಅಲುಗುತ್ತಿತ್ತು. "ಇವತ್ತೋ ನಾಳೆನೋ ಮಾತಾಡ್ತಾಳೆ, ನೋಡ್ತಿರು ಮಗಾ" ಎಂದು ದೊಡ್ಡಪ್ಪ ಕಿವಿ ಚಾಚಿ ಕೂರುತ್ತಿದ್ದರು. ಅದೇನು ಸಾಮಾನ್ಯ ಕಿವಿಯೇ? ಹೊಲದ ಅಂಚಿನಲ್ಲಿ ಕಾಡುಹಂದಿ ಉಸಿರು ಬಿಟ್ಟರೆ ಮನೆಯೊಳಗೆ ನೆಟ್ಟಗಾಗುವ ಕಿವಿ!

ಚಳಿಗಾಲ ಬಂತು. ಗೌರಿಯ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿಗಳೆದ್ದವು. ಎಮ್ಮೆ ಗೂಟಕ್ಕೆ ಮೈ ತಿಕ್ಕುವ ಹಾಗೆ ಅದು ಕಲ್ಲಿಗೆ ಮೈ ತಿಕ್ಕತೊಡಗಿತು. ಬೆರಳಿನ ಹತ್ತಿರ ಬರುವುದನ್ನೂ ಬಿಟ್ಟಿತು. ದೊಡ್ಡವ್ವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ದೊಡ್ಡಪ್ಪ ಓಡಿದ್ದೆಲ್ಲಿಗೆ ಗೊತ್ತೇ? ದನದ ಆಸ್ಪತ್ರೆಗೆ!

"ಸಾ, ನಮ್ ಗೌರಿಗೆ ಮೈಯೆಲ್ಲಾ ಗುಳ್ಳೆ. ಮೇವು ಮುಟ್ಟಾಕಿಲ್ಲ."

"ಹಾಲು ಎಷ್ಟು ಕೊಡುತ್ತೆ, ಪೆರಿಯವರೇ?" ಎಂದು ತಮಿಳಿನ ಡಾಕ್ಟರು ಕೇಳಿದರು.

"ಆಲೆಲ್ಲಿ ಬತ್ತದೆ ಸಾ? ಅದು ಮೀನು!"

ಡಾಕ್ಟರು ಸೂಜಿ ಕೆಳಗಿಟ್ಟರಂತೆ.

ಮನೆಗೆ ಬಂದವರೇ ದೊಡ್ಡಪ್ಪ ತೀರ್ಪು ಕೊಟ್ಟರು: "ಅಮ್ಮ ಬಂದವಳೆ ಕಣವ್ವ." ಮನುಷ್ಯರ ಮೈಮೇಲೆ ಬೊಬ್ಬೆ ಎದ್ದರೆ ನಮ್ಮ ಕಡೆ ಅಮ್ಮ ಬಂದಳು ಅನ್ನುತ್ತಾರೆ. ಆಕೆ ಹೋಗುವ ತನಕ ಮನೆಯಲ್ಲಿ ಒಗ್ಗರಣೆ ಚುರ್ ಅನ್ನಬಾರದು, ಕರಿಯಬಾರದು, ಹುರಿಯಬಾರದು. ಮನುಷ್ಯರಿಗಾದರೆ ಸರಿ. ಮೀನಿಗೆ? ತೊಟ್ಟಿಯ ನೆತ್ತಿಗೆ ಬೇವಿನ ಸೊಪ್ಪು ಏರಿತು. ದೊಡ್ಡವ್ವ ಹಾಸಿಗೆ ಹಿಡಿದ ಮೇಲೆ ಆ ಮನೆಯ ಅಡುಗೆ ನನ್ನದು. ನನ್ನ ಸಾಸಿವೆ ಡಬ್ಬಿ ಅಟ್ಟ ಏರಿತು!

ನಾನು ತಡೆಯಲಾರದೆ ಮೀನು ಮಾರಿದ ಅಂಗಡಿಯವರಿಗೆ ಫೋನು ಮಾಡಿ ದೊಡ್ಡಪ್ಪನ ಕೈಗೆ ಕೊಟ್ಟೆ. "ಅದು ಕಣ್ಣಿಗೆ ಕಾಣದ ಹುಳ ಯಜಮಾನ್ರೆ. ಮೀನಿನ ಚರ್ಮದೊಳಗೆ ಸೇರ್ಕೊಂಡು ತಿನ್ನುತ್ತೆ, ಉದುರಿ ತಳದಲ್ಲಿ ಮರಿ ಮಾಡುತ್ತೆ. ನೀರು ಬೆಚ್ಚಗಿಡಿ, ಹದವಾಗಿ ಉಪ್ಪು ಹಾಕಿ, ತಳದ ನೀರು ದಿನಾ ಒಂದಿಷ್ಟು ಬದಲಾಯಿಸಿ. ಚುಕ್ಕಿ ಹೋಯ್ತು ಅಂತ ಬೇಗ ನಿಲ್ಲಿಸಬೇಡಿ" ಎಂದರು ಅವರು.

ಇನ್ನಾದರೂ ಸಾಸಿವೆ ಇಳಿಯುತ್ತದೆ ಅಂದುಕೊಂಡೆ. ದೊಡ್ಡಪ್ಪ ಯೋಚಿಸಿ, "ಉಳವೋ ಅಮ್ಮನೋ, ಇಬ್ಬರ್ಗೂ ಮಾಡಾನ ಬುಡು" ಎಂದರು!

ನೀರು ಕಾಯಿಸುವ ಕಡ್ಡಿಯೊಂದನ್ನು ತಂದದ್ದಾಯಿತು. ಆದರೆ ನಮ್ಮಲ್ಲಿ ಕರೆಂಟು ಬಂದಷ್ಟೇ ಬೇಗ ಹೋಗುವ ನೆಂಟ. ಅದಕ್ಕೆ ದೊಡ್ಡಪ್ಪ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ತೊಟ್ಟಿಯಲ್ಲಿ ತೇಲಿಬಿಡುವ ಉಪಾಯ ಹೂಡಿದರು. ಬಾಟಲಿ ಎಲ್ಲಿ? ಬ್ರಾಂದಿ ಅಂಗಡಿಯ ಹಿಂದೆ! ಹಣೆ ತುಂಬ ವಿಭೂತಿ, ಎರಡೂ ಕಂಕುಳಲ್ಲಿ ಖಾಲಿ ಬಾಟಲಿ. ಊರು ಸುಮ್ಮನಿರುತ್ತದೆಯೇ? "ಪಾಪ, ಎಂಡ್ರು ಮಲಗಿದ್ಮ್ಯಾಕೆ ಯಜಮಾನ್ರು ಸುರು ಅಚ್ಕೊಂಡವ್ರೆ" ಎಂದು ಜಗಲಿ ಜಗಲಿಯಲ್ಲೂ ಮರುಕ. ಒಬ್ಬರಂತೂ ಮನೆಗೇ ಬಂದು, ಕುಡಿತ ಬಿಡಿಸುವ ನಾಟಿ ಔಷಧಿಯೊಂದನ್ನು ಹೇಳಿದರು. ದೊಡ್ಡಪ್ಪ ಶ್ರದ್ಧೆಯಿಂದ ಕೇಳಿಸಿಕೊಂಡು, "ಮೀನ್ಗೂ ಆದದಾ ಅದು?" ಅಂದರು!

ಬಿಸಿ ಆರಬಾರದೆಂದು ತಮ್ಮ ಕಂಬಳಿಯನ್ನೇ ತೊಟ್ಟಿಗೆ ಸುತ್ತಿದರು. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಕರಿಕಂಬಳಿ; ನಾವು ಅದರ ಮೇಲೆ ಕೂತರೆ ಎಬ್ಬಿಸುತ್ತಿದ್ದರು. ಮಲಗಿದಲ್ಲಿಂದ ದೊಡ್ಡವ್ವನಿಗೆ ಗೌರಿ ಕಾಣಬೇಕಲ್ಲ? ಆ ಕಂಬಳಿಯ ನಡುವೆ ಕತ್ತರಿ ಆಡಿಸಿ ಒಂದು ಕಿಟಕಿ ಕೊರೆದೇಬಿಟ್ಟರು. ತಾವು ಎರಡು ಪಂಚೆ ಹೊದ್ದು ಗಡಗಡ ನಡುಗುತ್ತ ಮಲಗಿದರು. ನನಗೆ ನಗು ಬಂತು, ನಗಲು ಮನಸ್ಸಾಗಲಿಲ್ಲ.

ನಿಧಾನವಾಗಿ ಚುಕ್ಕಿಗಳು ಉದುರಿದವು. ಗೌರಿ ಕಾಳು ನುಂಗಿತು, ಕಿಟಕಿಗೆ ಬಂತು, ಬೆರಳಿಗೂ ಬಂತು. ನಾನು ಅಟ್ಟದ ಕಡೆ ಆಸೆಯಿಂದ ನೋಡಿದೆ. "ತಳದಲ್ಲಿ ಮರಿ ಇದ್ದಾವು ಕಣವ್ವ. ಇನ್ನೊಸಿ ದಿನ ತಡಿ" ಎಂದರು ದೊಡ್ಡಪ್ಪ. ಆ ಒಸಿ ದಿನ ಬೆಳೆಯುತ್ತಲೇ ಹೋಯಿತು.

ಒಂದು ಮಧ್ಯಾಹ್ನ ಅವರೆಕಾಳಿನ ಸಪ್ಪೆ ಸಾರು ಕಲಸಿ ದೊಡ್ಡವ್ವನಿಗೆ ತುತ್ತು ಕೊಟ್ಟೆ. ನುಂಗಿದರು. ಎರಡನೆಯ ತುತ್ತಿಗೆ ಎಡಗೈಯಿಂದ ತಟ್ಟೆ ತಳ್ಳಿದರು. ತೊಟ್ಟಿ ನೋಡಿದರು, ನನ್ನನ್ನು ನೋಡಿದರು. ತುಟಿ ಅಲುಗಿತು.

"ಅಮ್ಮ... ಒಂಟೋದ್ಲು. ಒಗ್ಗರಣೆ... ಆಕು."

ಪಕ್ಕದಲ್ಲೇ ಬಾಟಲಿ ತುಂಬುತ್ತಿದ್ದ ದೊಡ್ಡಪ್ಪ ಎದ್ದು ಕುಣಿಯುತ್ತಾರೆ ಅಂದುಕೊಂಡೆ. ಇಲ್ಲ. ಮೆಲ್ಲಗೆ ಹತ್ತಿರ ಬಂದು, ಕಿವಿಗೆ ಕೈ ಅಡ್ಡ ಹಿಡಿದು, "ಏನಂದೆ ಅಮ್ಮಿ? ಕೇಳ್ನಿಲ್ಲ" ಅಂದರು. ಹಂದಿಯ ಉಸಿರು ಕೇಳುವ ಆ ಕಿವಿಗೆ!

ದೊಡ್ಡವ್ವ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡರು. "ಕಿವುಡಾ... ನಿಮ್ಗೆ? ಒಗ್ಗರಣೆ ಆಕಕ್ಕೆ ಯೋಳಿ!"

ದೊಡ್ಡಪ್ಪ ನನ್ನ ಕಡೆ ತಿರುಗಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಕೇಳುದ್ಯಾ ಮಗಾ? ಬೈದ್ಲು ಕಣವ್ವ, ಬೈದ್ಲು!"